ರೋಲ್ಪಾದ ಅಜ್ಜನ ಮೆಡಲ್ಲು, ನಮ್ಮ ಬೀದಿಯ ಗೂರ್ಖಾ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಹದಿನೈದು ದಿನ ಆಯ್ತು, ತಡ ಆಗಿದ್ದಕ್ಕೆ ಕ್ಷಮಿಸಿ, ಎರಡು ಸಾಲಲ್ಲಿ ಉತ್ತರ ಬರೆದು ಕೈ ತೊಳ್ಕೊಳ್ಳೋ ಪತ್ರ ಅದಲ್ಲ ಅನ್ನಿಸ್ತು. ಬೇರೆ ಓದುಗರಿಗೋಸ್ಕರ ನೀವು ಬರೆದಿದ್ದನ್ನ ಚಿಕ್ಕದಾಗಿ ಹೇಳ್ಬಿಡ್ತೀನಿ. ನೀವು ದಾವಣಗೆರೇಲಿ ಹೈಸ್ಕೂಲ್ ಕನ್ನಡ ಮೇಷ್ಟ್ರಾಗಿದ್ದು ರಿಟೈರ್ ಆದವರು. ನಿಮ್ಮ ಬೀದೀಲಿ ಹತ್ತು ವರ್ಷದಿಂದ ರಾತ್ರಿ ವಿಶಲ್ ಊದ್ಕೊಂಡು ಲಾಠಿ ತಟ್ಕೊಂಡು ಕಾವಲು ಕಾಯೋರು ಒಬ್ರಿದ್ದಾರೆ, ನೇಪಾಳದ ರೋಲ್ಪಾ ಜಿಲ್ಲೆಯವರು, ಇಡೀ ಬೀದಿ ಅವರನ್ನ ಗೂರ್ಖಾ ಅಂತಲೇ ಕರೆಯುತ್ತೆ, ಹೆಸರು ಯಾರಿಗೂ ಗೊತ್ತಿಲ್ಲ. ಒಂದಿನ ಅವರು ಮೊಬೈಲಲ್ಲಿ ಒಂದು ಮೆಡಲ್ಲಿನ ಫೋಟೋ ತೋರಿಸಿ "ಇದ್ರಲ್ಲಿ ಏನ್ ಬರ್ದಿದೆ ಸಾರ್, ನಮ್ಮಜ್ಜಂದು" ಅಂತ ಕೇಳಿದ್ರಂತೆ. ಅದನ್ನ ನೋಡಿದ ಮೇಲೆ ನಿಮಗೆ ಮೂರು ಪ್ರಶ್ನೆ ಹುಟ್ಟಿದೆ: ಗೂರ್ಖಾ ಅಂದ್ರೆ ಜಾತಿಯಾ, ಊರಾ, ಪಲ್ಟನ್ನಾ? ತಮ್ಮನ್ನ ಸೋಲಿಸಿದ ಇಂಗ್ಲಿಷರ ಹತ್ರಾನೇ ಯಾಕೆ ಸೇರಿಕೊಂಡ್ರು, ಅವರು ಬಾಡಿಗೆ ಸೈನಿಕರಾ? ಆ ಶೌರ್ಯದ ಕತೆಗಳು ನಿಜಾನಾ? ಕೊನೇಲಿ ಒಂದು ದೂರೂ ಇದೆ, ಹೋದ ತಿಂಗಳು ನಾವು ಹಾಕಿದ ಕತೇಲಿ "ಗೇಟಿನ ಹತ್ರ ಗೂರ್ಖಾ ತೂಕಡಿಸ್ತಿದ್ದ" ಅಂತ ಒಂದು ಸಾಲು ಬಂದಿತ್ತು, ಅದನ್ನ ಓದಿ ನಿಮಗೆ ಬೇಜಾರಾಗಿದೆ.

ದೂರಿಂದಲೇ ಶುರು ಮಾಡ್ತೀನಿ. ಆ ಸಾಲನ್ನ ಓದಿ ಬಿಟ್ಟಿದ್ದು ನಾನೇ, ಏನೂ ಅನ್ನಿಸ್ಲಿಲ್ಲ ನೋಡಿ, ಅದೇ ತಪ್ಪು. ಕನ್ನಡದಲ್ಲಿ ಆ ಪದ ಒಂದು ಜನಾಂಗದ ಹೆಸರಾಗಿ ಉಳಿದೇ ಇಲ್ಲ, ವಾಚ್‌ಮನ್ ಅನ್ನೋದಕ್ಕೆ ಇನ್ನೊಂದು ಪದ ಆಗ್ಬಿಟ್ಟಿದೆ. ಬಿಹಾರದವರು ಗೇಟಲ್ಲಿ ಕೂತಿದ್ರೂ ಗೂರ್ಖಾ, ನಮ್ಮ ರಾಯಚೂರಿನವರೇ ಕೂತಿದ್ರೂ ಗೂರ್ಖಾ. ಇನ್ಮೇಲೆ ನಮ್ಮ ಪತ್ರಿಕೇಲಿ ಕಾವಲು ಕೆಲಸಕ್ಕೆ ಕಾವಲುಗಾರ ಅಂತಾನೇ ಬರುತ್ತೆ, ಇದನ್ನ ಆಫೀಸಲ್ಲಿ ಎಲ್ಲರಿಗೂ ಹೇಳಿದ್ದೀನಿ.

ಈಗ ಹೆಸರಿನ ವಿಷಯ. ನಾವು ಗೂರ್ಖಾ ಅನ್ನೋದರ ಮೂಲ ಗೋರ್ಖಾ, ಅದು ಮೊದಲಿಗೆ ಒಂದು ಊರು, ಕಠ್ಮಂಡುವಿನ ಪಶ್ಚಿಮಕ್ಕೆ ಬೆಟ್ಟದ ಮೇಲಿದ್ದ ಒಂದು ಪುಟ್ಟ ರಾಜ್ಯದ ಹೆಸರು. 1743ರಲ್ಲಿ ಅಲ್ಲಿ ಪಟ್ಟಕ್ಕೆ ಬಂದ ಪೃಥ್ವಿ ನಾರಾಯಣ ಶಾ 1768-69ರ ಹೊತ್ತಿಗೆ ಕಠ್ಮಂಡು ಕಣಿವೆಯನ್ನೇ ಗೆದ್ದ, ಅವನ ಸೈನ್ಯದವರು ಯಾವ ಜಾತಿಯವರೇ ಆಗಿದ್ರೂ ಗೋರ್ಖಾಲಿಗಳು ಅನ್ನಿಸ್ಕೊಂಡ್ರು. ಅದರೊಳಗೆ ಮಗರ್, ಗುರುಂಗ್, ಖಸ್, ಠಕುರಿ ಎಲ್ಲ ಇದ್ರು, ಆಮೇಲೆ ಪೂರ್ವದ ಕಡೆಯ ರಾಯ್, ಲಿಂಬು ಜನರೂ ಪಲ್ಟನ್ನಿಗೆ ಬಂದ್ರು. ಹಾಗಾಗಿ ಜಾತಿ ಅಲ್ಲ, ಊರು ಹೌದು ಆದ್ರೆ ಊರಷ್ಟೇ ಅಲ್ಲ. ಇನ್ನೊಂದು ಮಾತು ಇಲ್ಲೇ ಸೇರಿಸ್ಬೇಕು, ಡಾರ್ಜಿಲಿಂಗ್, ಡೆಹ್ರಾಡೂನ್, ಧರ್ಮಶಾಲಾ, ಶಿಲ್ಲಾಂಗ್ ಕಡೆ ತಲೆಮಾರುಗಳಿಂದ ಇರೋ ಗೋರ್ಖಾಗಳು ನಿಮ್ಮ ನನ್ನ ಹಾಗೇ ಭಾರತದವರು, ಅವರ ನೇಪಾಳಿ ಭಾಷೆ 1992ರಲ್ಲಿ ಸಂವಿಧಾನದ ಎಂಟನೇ ಶೆಡ್ಯೂಲಿಗೆ ಸೇರಿದೆ. ಅವರನ್ನ ಬೆಂಗಳೂರಲ್ಲಿ ಯಾರಾದ್ರೂ "ನೀವು ಯಾವ ದೇಶ" ಅಂತ ಕೇಳಿದ್ರೆ ಎಷ್ಟು ನೋವಾಗುತ್ತೆ ಅಂತ ಯೋಚನೆ ಮಾಡಿ.

ಎರಡನೇ ಪ್ರಶ್ನೆಗೆ ಸ್ವಲ್ಪ ದೂರದಿಂದ ಬರ್ಬೇಕು ಮೇಷ್ಟ್ರೇ, ಅದೂ ನಮ್ಮ ಮೈಸೂರಿನ ಕಡೆಯಿಂದಾನೇ. ಟಿಪ್ಪು ಸತ್ತ ಮೇಲೆ ಅವನ ಮಕ್ಕಳನ್ನ ವೆಲ್ಲೂರು ಕೋಟೇಲಿ ಇಟ್ಟಿದ್ರಲ್ಲ, 1806ರ ಜುಲೈನಲ್ಲಿ ಅಲ್ಲಿನ ಸಿಪಾಯಿಗಳು ದಂಗೆ ಎದ್ದು ಕೋಟೆ ಮೇಲೆ ಟಿಪ್ಪುವಿನ ಬಾವುಟ ಹಾರಿಸಿದ್ರು. ಆ ದಂಗೆಯನ್ನ ಆರ್ಕಾಟಿನಿಂದ ಕುದುರೆ ಪಡೆ ತಗೊಂಡು ಬಂದು ನಿರ್ದಯವಾಗಿ ಅಡಗಿಸಿದವನು ರೋಲೋ ಗಿಲೆಸ್ಪಿ ಅನ್ನೋ ಅಧಿಕಾರಿ, ಅವತ್ತು ನೂರಾರು ಸಿಪಾಯಿಗಳು ಸತ್ರು. ಅದೇ ಗಿಲೆಸ್ಪಿ ಎಂಟು ವರ್ಷ ಆದ್ಮೇಲೆ ಮೇಜರ್ ಜನರಲ್ ಆಗಿ ಡೆಹ್ರಾಡೂನ್ ಹತ್ರ ನಾಲಾಪಾನಿ ಗುಡ್ಡದ ಮೇಲಿನ ಖಲಂಗಾ ಅನ್ನೋ ಸಣ್ಣ ಕೋಟೆ ಮುಂದೆ ನಿಂತ. ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳಕ್ಕೂ ಯುದ್ಧ ಶುರುವಾಗಿತ್ತು. ಕೋಟೆ ಒಳಗೆ ಬಲಭದ್ರ ಕುನ್ವರ್, ಅವನ ಜೊತೆ ಹೆಂಗಸರು ಮಕ್ಕಳೂ ಸೇರಿ ಸುಮಾರು ಆರು ನೂರು ಜನ. 1814ರ ಅಕ್ಟೋಬರ್ 31ಕ್ಕೆ ಗಿಲೆಸ್ಪಿ ಗುಂಡು ತಿಂದು ಅಲ್ಲೇ ಸತ್ತ. ನವೆಂಬರಿನಲ್ಲಿ ಇನ್ನೊಂದ್ಸಲ ನುಗ್ಗಿದ್ರು, ಅದೂ ಆಗ್ಲಿಲ್ಲ. ಕೊನೆಗೆ ಕೋಟೆಗೆ ನೀರು ಬರೋ ದಾರಿಯನ್ನೇ ಕಡಿದು ಫಿರಂಗಿ ಹೊಡೆದಾಗ ಉಳಿದ ಎಪ್ಪತ್ತು ಚಿಲ್ಲರೆ ಜನ ಕೈಲಿ ಖುಕುರಿ ಅನ್ನೋ ಬಾಗಿದ ಕತ್ತಿ ಹಿಡ್ಕೊಂಡು ಹೊರಗೆ ಬಂದು ಶತ್ರುವಿನ ಸಾಲನ್ನ ಸೀಳ್ಕೊಂಡು ಹೊರಟೇ ಹೋದ್ರು. ಕಂಪನಿ ಕಡೆ ಸತ್ತವರು ಗಾಯಗೊಂಡವರು ಸೇರಿ ಏಳುನೂರು ದಾಟಿತ್ತು.

ಆ ಮುತ್ತಿಗೆ ಮಧ್ಯೆ ನಡೆದ ಒಂದು ಸಂಗತಿಯನ್ನ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಫಿರಂಗಿ ಹಾರ್ತಿರುವಾಗ ಒಬ್ಬ ಗೋರ್ಖಾಲಿ ಕೈ ಬೀಸ್ತಾ ಹೊರಗೆ ಬಂದ, ಇವರು ಗುಂಡು ನಿಲ್ಲಿಸಿದ್ರು, ನೋಡಿದ್ರೆ ಅವನ ದವಡೆ ಚೂರಾಗಿತ್ತು. ಇಂಗ್ಲಿಷ್ ಡಾಕ್ಟರ್ ಹತ್ರ ಚಿಕಿತ್ಸೆ ತಗೊಂಡ, ವಾಸಿ ಆಯ್ತು, ವಾಸಿ ಆದ್ಮೇಲೆ ನನ್ನನ್ನ ವಾಪಸ್ ಕಳಿಸಿ, ನಿಮ್ಮ ಮೇಲೆ ಮತ್ತೆ ಕಾದಾಡ್ಬೇಕು ಅಂತ ಕೇಳಿದ. ಅಲ್ಲಿ ಈಗ್ಲೂ ಎರಡು ಬಿಳೀ ಕಂಬ ಅಕ್ಕಪಕ್ಕ ನಿಂತಿವೆ, ಒಂದು ಗಿಲೆಸ್ಪಿಗೆ ಮತ್ತೆ ಅವನ ಕಡೆ ಸತ್ತವರಿಗೆ, ಇನ್ನೊಂದು ಬಲಭದ್ರನಿಗೂ ಅವನ ಜನಕ್ಕೂ. ನಮ್ಮಲ್ಲಿ ಊರೂರಲ್ಲಿ ವೀರಗಲ್ಲು ಇವೆ, ಆದ್ರೆ ಎದುರಾಳಿಗೆ ಗೆದ್ದವನೇ ಕಲ್ಲು ನೆಟ್ಟಿದ್ದು ಅಪರೂಪ.

ಆದ್ರೆ ಗೋರ್ಖಾಲಿಗಳ ಆಳ್ವಿಕೆ ಏನು ರಾಮರಾಜ್ಯ ಆಗಿರ್ಲಿಲ್ಲ, ಗಢವಾಲ್ ಕುಮಾವೂನ್ ಕಡೆ ಜನ ಆ ಕಾಲವನ್ನ 'ಗೋರ್ಖ್ಯಾಣಿ' ಅಂತ ಇವತ್ತಿಗೂ ನೋವಿನಿಂದಲೇ ನೆನೆಸ್ಕೊಳ್ತಾರೆ. ಕೇಳೋರಿಲ್ಲದ ಸುಲಿಗೆ ಅದು. ಆ ಸೈನಿಕರೂ ಊರಿಂದ ನೂರಾರು ಮೈಲಿ ದೂರದಲ್ಲಿ ಸಿಕ್ಕಿಬಿದ್ದಿದ್ರು. 1815ರ ಏಪ್ರಿಲ್‌ನಲ್ಲಿ ಅಕ್ಟರ್‌ಲೋನಿ ಅನ್ನೋ ಸೇನಾಪತಿ ಶಿಮ್ಲಾ ಹತ್ರದ ಸುಬಾಥೂನಲ್ಲಿ ಇವರನ್ನೇ ಸೇರಿಸ್ಕೊಂಡು ನಸೀರಿ ಪಲ್ಟನ್ ಕಟ್ಟಿದ, ನಾಹನ್‌ನಲ್ಲಿ ಸಿರ್ಮೂರ್ ಪಲ್ಟನ್, ಆಮೇಲೆ ಕುಮಾವೂನ್ ಪಲ್ಟನ್. ಮೇ ತಿಂಗಳಲ್ಲಿ ಅಮರ್ ಸಿಂಗ್ ಥಾಪಾ ಶರಣಾದಾಗ ಇಷ್ಟ ಇದ್ದ ಸೈನಿಕರು ಕಂಪನಿ ನೌಕರಿಗೆ ಸೇರಬಹುದು ಅನ್ನೋ ಷರತ್ತೂ ಸೇರಿತ್ತು. 1816ರ ಸುಗೌಲಿ ಒಪ್ಪಂದದಲ್ಲಿ ನೇಪಾಳ ಗೆದ್ದಿದ್ದ ನೆಲದಲ್ಲಿ ಬಹಳಷ್ಟು ಹೋಗಿ ಪಶ್ಚಿಮಕ್ಕೆ ಕಾಳಿ ನದಿ, ಪೂರ್ವಕ್ಕೆ ಮೇಚಿ ನದಿ ಗಡಿ ಆಯ್ತು. ಸೋತ ಸೈನ್ಯದ ಸಿಪಾಯಿ, ಹಿಂದಕ್ಕೆ ಹೋದ್ರೆ ಜಮೀನಿಲ್ಲ ಸಂಬಳ ಇಲ್ಲ, ಮುಂದೆ ನಿಂತವನು ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ ಅಂತಿದ್ದಾನೆ, ಏನ್ ಮಾಡ್ತಿದ್ದ ಹೇಳಿ?

ಬಲಭದ್ರನೇ ಏನಾದ ಗೊತ್ತಾ, ಲಾಹೋರಿಗೆ ಹೋಗಿ ರಣಜಿತ್ ಸಿಂಗನ ಸೈನ್ಯ ಸೇರಿದ, 1823ರಲ್ಲಿ ನೌಶೇರಾದಲ್ಲಿ ಅಫ್ಘಾನರ ವಿರುದ್ಧ ಕಾದಾಡ್ತಾ ಸತ್ತ. ಆ ಲಾಹೋರಿನಿಂದಲೇ ನೇಪಾಳಿಯಲ್ಲಿ 'ಲಾಹುರೆ' ಅನ್ನೋ ಪದ ಬಂತು, ಇವತ್ತಿಗೂ ಪರದೇಶದ ಸೈನ್ಯಕ್ಕೆ ಸೇರಿದವರನ್ನ ಹಳ್ಳೀಲಿ ಲಾಹುರೆ ಅಂತಾನೇ ಕರೀತಾರೆ. ನಿಮ್ಮ ಕಾವಲುಗಾರರನ್ನ ಕೇಳಿ ನೋಡಿ, ಅವರಜ್ಜನನ್ನ ಊರಲ್ಲಿ ಹಾಗೇ ಕರೀತಿದ್ದಿರ್ಬೇಕು.

ಬಾಡಿಗೆ ಸೈನಿಕ ಅನ್ನೋ ಮಾತನ್ನ ನಾನು ಒಪ್ಪಲ್ಲ. ಕಾನೂನಿನ ಪ್ರಕಾರ ನೋಡಿದ್ರೆ 1977ರ ಜಿನೀವಾ ಪ್ರೊಟೋಕಾಲ್‌ನಲ್ಲಿ, ಯುದ್ಧ ಮಾಡೋ ದೇಶದ ಅಧಿಕೃತ ಸೈನ್ಯದಲ್ಲಿರೋನು ಬಾಡಿಗೆ ಸೈನಿಕ ಅಲ್ಲ ಅಂತ ಸ್ಪಷ್ಟವಾಗಿದೆ. ಕಾನೂನು ಬಿಡಿ, ನೀವು ಕನ್ನಡ ಮೇಷ್ಟ್ರು, 'ಜೋಳವಾಳಿ' ಅಂದ್ರೆ ನನಗಿಂತ ಚೆನ್ನಾಗಿ ನಿಮಗೇ ಗೊತ್ತು, ಉಂಡ ಅನ್ನದ ಋಣಕ್ಕೆ ಪ್ರಾಣ ಕೊಡೋದು. ನೇಪಾಳಿಯಲ್ಲಿ ಅದಕ್ಕೆ 'ನುನ್ ಕೋ ಸೋಝೋ' ಅಂತಾರೆ, ಉಪ್ಪಿಗೆ ನೆಟ್ಟಗೆ ಇರೋನು ಅಂತ. ಕರ್ಣನನ್ನ ನಾವು ಬಾಡಿಗೆ ಬಂಟ ಅಂತ ಕರೀತೀವಾ?

ಆದ್ರೂ ಆ ಋಣ ಅವರ ಕೈಲಿ ಏನೇನು ಮಾಡಿಸ್ತು ಅನ್ನೋದನ್ನ ಮುಚ್ಚಿಡೋಕೆ ನನಗೆ ಮನಸ್ಸಿಲ್ಲ. 1857ರಲ್ಲಿ ದೆಹಲಿಯನ್ನ ಇಂಗ್ಲಿಷರು ವಾಪಸ್ ಗೆಲ್ಲೋವಾಗ ದಿಣ್ಣೆ ಮೇಲಿನ ಹಿಂದೂ ರಾವ್ ಮನೆಯನ್ನ ಮೂರು ತಿಂಗಳು ಬಿಡದೆ ಹಿಡಿದು ನಿಂತಿದ್ದು ಸಿರ್ಮೂರ್ ಪಲ್ಟನ್, 490 ಜನರಲ್ಲಿ 327 ಜನ ಸತ್ತೋ ಗಾಯಗೊಂಡೋ ಹೋದ್ರು. ಎದುರಿಗಿದ್ದವರೂ ಈ ದೇಶದ ಸಿಪಾಯಿಗಳೇ. 1919ರ ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್‌ನಲ್ಲಿ ಡಯರ್ ಹೇಳಿದ ತಕ್ಷಣ ಗುಂಡು ಹಾರಿಸಿದ ಐವತ್ತು ಜನರಲ್ಲಿ ಒಂಬತ್ತನೇ ಗೂರ್ಖಾ ರೈಫಲ್ಸ್‌ನವರಿದ್ರು, ಜೊತೆಗೆ ಖುಕುರಿ ಮಾತ್ರ ಹಿಡ್ಕೊಂಡ ಇನ್ನೂ ನಲವತ್ತು ಗೂರ್ಖಾಗಳಿದ್ರು, ಒಟ್ಟು 1650 ಗುಂಡು. ಇದನ್ನ ಓದುವಾಗೆಲ್ಲ ನನಗೆ ಎದೆ ಭಾರ ಆಗುತ್ತೆ. ಅದೇ ಜನರಲ್ಲೇ ದುರ್ಗಾ ಮಲ್ಲ ಅಂತ ಒಬ್ಬರು, ಗೂರ್ಖಾ ರೈಫಲ್ಸ್ ಬಿಟ್ಟು ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿ, ಸಿಕ್ಕಿಬಿದ್ದು, 1944ರ ಆಗಸ್ಟ್ 25ಕ್ಕೆ ದೆಹಲೀಲಿ ಗಲ್ಲಿಗೇರಿದ್ರು, ಪಾರ್ಲಿಮೆಂಟ್ ಆವರಣದಲ್ಲಿ ಅವರ ಪ್ರತಿಮೆ ಇದೆ. ಅದು ನಮ್ಮ ಪಠ್ಯಪುಸ್ತಕದಲ್ಲಿ ಎಲ್ಲಿ ಬರುತ್ತೆ?

ಇನ್ನು ಶೌರ್ಯ. ಒಂದು ಸುಳ್ಳನ್ನ ಮೊದಲು ತೆಗೆದು ಹಾಕೋಣ, ಖುಕುರಿ ಒರೆಯಿಂದ ಎಳೆದ್ರೆ ರಕ್ತ ಕುಡೀದೆ ಒಳಗೆ ಹೋಗಲ್ಲ ಅನ್ನೋದು. ಅಲ್ಲಿ ಮನೆ ಮನೇಲೂ ಅದೇ ಸೌದೆ ಸೀಳೋ ಕತ್ತಿ, ಅದೇ ತರಕಾರಿ ಹೆಚ್ಚೋ ಕತ್ತಿ, ನಮ್ಮ ಮಲೆನಾಡಿನ ಮನೇಲಿ ಕತ್ತಿ ಇದ್ದ ಹಾಗೆ. ಹುಟ್ಟಿನಿಂದಲೇ ಇಂಥಾ ಜಾತಿ ಯುದ್ಧದ ಜಾತಿ, ಇಂಥಾ ಜಾತಿ ಪುಕ್ಕಲು ಅಂತ ಪಟ್ಟಿ ಮಾಡಿದ್ದೂ ಬ್ರಿಟಿಷರೇ, 1857 ಆದ್ಮೇಲೆ ಅವರಿಗೆ ಅದು ಬೇಕಾಗಿತ್ತು, ಆ ಪಟ್ಟೀಲಿ ನಮ್ಮ ದಕ್ಷಿಣದವರು ಕೆಳಗೆ ಹೋದ್ರು. ಅದನ್ನ ನಂಬೋದು ಬೇಡ.

ಹಾಗಂತ ಮಾಡಿದ್ದು ಸುಳ್ಳಾಗಲ್ಲ. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್, ಅದನ್ನ ಮೊದಲು ತಗೊಂಡ ಗೂರ್ಖಾ ಕುಲ್‌ಬೀರ್ ಥಾಪಾ, 1915ರ ಸೆಪ್ಟೆಂಬರ್ 25, ಫ್ರಾನ್ಸ್. ಅವನಿಗೇ ಗಾಯ ಆಗಿತ್ತು, ಜರ್ಮನರ ಕಂದಕದ ಹಿಂದೆ ಬಿದ್ದಿದ್ದ ಒಬ್ಬ ಇಂಗ್ಲಿಷ್ ಸೈನಿಕನನ್ನ ನೋಡಿದ, ಆತ ನನ್ನ ಬಿಟ್ಟು ಹೋಗು ಅಂದ್ರೂ ಹೋಗ್ಲಿಲ್ಲ, ಹಗಲು ರಾತ್ರಿ ಅವನ ಪಕ್ಕದಲ್ಲೇ ಇದ್ದು ಬೆಳಗಿನ ಮಂಜಲ್ಲಿ ತಂತಿ ಬೇಲಿ ದಾಟಿಸಿ ಒಂದು ಹಳ್ಳದಲ್ಲಿ ಮಲಗಿಸಿ, ವಾಪಸ್ ಹೋಗಿ ಇಬ್ಬರು ಗೂರ್ಖಾಗಳನ್ನ ಒಬ್ಬೊಬ್ಬರಾಗಿ ಹೊತ್ತು ತಂದು, ಆಮೇಲೆ ಪಟ್ಟ ಹಗಲಲ್ಲಿ ಗುಂಡಿನ ಮಧ್ಯೆ ಆ ಇಂಗ್ಲಿಷಿನವನನ್ನೂ ತಂದ. ನನಗೆ ಗೂರ್ಖಾ ಶೌರ್ಯ ಅಂದ್ರೆ ಮೊದಲು ನೆನಪಾಗೋದು ಇದೇ, ಕೊಂದಿದ್ದಲ್ಲ, ಹೊತ್ತು ತಂದಿದ್ದು.

ಬರ್ಮಾದ ಕತೆ ಬೇರೆ ಥರ. 1945ರ ಮೇ 12ರ ರಾತ್ರಿ ತೌಂಗ್‌ಡಾ ಅನ್ನೋ ಕಡೆ ಲಚ್ಛಿಮನ್ ಗುರುಂಗ್, ಎತ್ತರ ನಾಲ್ಕಡಿ ಹನ್ನೊಂದಿಂಚು. ಕಂದಕಕ್ಕೆ ಬಿದ್ದ ಎರಡು ಗ್ರೆನೇಡನ್ನ ಎತ್ತಿ ವಾಪಸ್ ಎಸೆದ, ಮೂರನೇದು ಕೈಲೇ ಸಿಡೀತು, ಬಲಗೈ ಬೆರಳು ಹೋಯ್ತು, ಮುಖಕ್ಕೂ ಮೈಗೂ ಗಾಯ, ಜೊತೆಯವರೂ ಬಿದ್ರು. ಎಡಗೈಲೇ ರೈಫಲ್ ತುಂಬ್ಕೊಂಡು ತುಂಬ್ಕೊಂಡು ನಾಲ್ಕು ಗಂಟೆ ಒಬ್ಬನೇ ನಿಂತ, ಬೆಳಗ್ಗೆ ಅವನ ಕಂದಕದ ಮುಂದೆ 31 ಜಪಾನಿ ಹೆಣ ಇತ್ತು. ಎರಡನೇ ಮಹಾಯುದ್ಧದಲ್ಲಿ ಎರಡೂವರೆ ಲಕ್ಷದಷ್ಟು ಗೂರ್ಖಾಗಳು ಸೇವೆ ಮಾಡಿದ್ರು, ಮೊದಲ ಯುದ್ಧದಲ್ಲಿ ಎರಡು ಲಕ್ಷದ ಹತ್ತಿರ. ಬೆಟ್ಟದ ಹಳ್ಳಿಗಳಲ್ಲಿ ಉಳೋಕೆ ಗಂಡಸರೇ ಉಳೀಲಿಲ್ಲ ಅನ್ನೋ ಹಾಗಾಯ್ತು.

ಇದಕ್ಕೆಲ್ಲ ಬೆಲೆ ಯಾರಿಗೆ ಬಂತು ಅನ್ನೋದೇ ನನಗೆ ಮುಖ್ಯ ಅನ್ಸೋದು ಮೇಷ್ಟ್ರೇ. ಕಠ್ಮಂಡುವಲ್ಲಿ ಆಳ್ತಿದ್ದ ರಾಣಾ ಮನೆತನದ ಪ್ರಧಾನಿಗಳು ಶುರೂಲಿ ಬ್ರಿಟಿಷ್ ಸೈನ್ಯದ ಭರ್ತಿಗೆ ಅಡ್ಡ ಹಾಕ್ತಿದ್ರು, ಹುಡುಗರು ಕದ್ದು ಗಡಿ ದಾಟ್ತಿದ್ರು. 1885ರಲ್ಲಿ ಅದೇ ಮನೆತನದ ಬೀರ್ ಶಂಶೇರ್ ಗದ್ದುಗೆ ಹಿಡಿದ ಮೇಲೆ ಇಂಗ್ಲಿಷರ ಬೆಂಬಲ ಬೇಕು, ಬಂದೂಕು ಬೇಕು, ಅದಕ್ಕೆ ಬದಲಾಗಿ ಭರ್ತಿಗೆ ಬಾಗಿಲು ತೆರೆದ. ಮೊದಲ ಯುದ್ಧ ಮುಗಿದ ಮೇಲೆ ನೇಪಾಳ ದರ್ಬಾರಿಗೆ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಬ್ರಿಟಿಷರ ಕಾಣಿಕೆ ಗೊತ್ತಾಯ್ತು. ಮಗನನ್ನ ಕಳ್ಕೊಂಡ ರೋಲ್ಪಾದ ತಾಯಿಗೆ ಆ ಹತ್ತು ಲಕ್ಷದಲ್ಲಿ ಏನು ಸಿಕ್ಕಿರುತ್ತೆ ಹೇಳಿ. ಮೆಚ್ಚುಗೆ ಧಾರಾಳ, ಸಂಬಳ ಬಿಗಿ, ಇನ್ನೂರು ವರ್ಷ ಇದೇ ನಡೀತು ಅಂತ ನನಗನ್ಸುತ್ತೆ.

1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟಿನಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಅಂತ ನೇಪಾಳವೂ ಸೇರಿ ಮೂರು ದೇಶದ ಒಪ್ಪಂದ ಆಯ್ತು. ಬ್ರಿಟನ್ನಿನ ಪಾಲಿಗೆ ಬಿದ್ದ ಏಳನೇ, ಹತ್ತನೇ ರೆಜಿಮೆಂಟಿನ ಬಹಳ ಜನ ನಾವು ಹೋಗಲ್ಲ, ಇಲ್ಲೇ ಇರ್ತೀವಿ ಅಂದ್ರು, ಅವರಿಗೋಸ್ಕರಾನೇ 1948ರ ಜನವರೀಲಿ ಹನ್ನೊಂದನೇ ಗೋರ್ಖಾ ರೈಫಲ್ಸ್ ಕಟ್ಟಿದ್ರು. ಅಲ್ಲೀವರೆಗೂ ಗೂರ್ಖಾ ಪಲ್ಟನ್ನಲ್ಲಿ ಭಾರತೀಯ ಆಫೀಸರುಗಳೇ ಇರ್ಲಿಲ್ಲ, ಎಲ್ಲಾ ಗೋರಾಗಳೇ. ಈಗ ನಮ್ಮ ಕಡೆ ಹುಡುಗ ಆಫೀಸರಾಗಿ ಅಲ್ಲಿಗೆ ಹೋದ್ರೂ ನೇಪಾಳಿ ಕಲೀಲೇಬೇಕು, ಜವಾನರ ಜೊತೆ ಅವರ ಭಾಷೇಲೇ ಮಾತಾಡ್ಬೇಕು. ನಮ್ಮ ಕೊಡಗಿನ ಕಾರ್ಯಪ್ಪನವರಿಗೆ 1950ರಲ್ಲಿ ನೇಪಾಳ ತನ್ನ ಸೈನ್ಯದ ಗೌರವ ಜನರಲ್ ಪದವಿ ಕೊಟ್ಟಿತು, ಅವತ್ತಿಂದ ಎರಡೂ ದೇಶದ ಸೇನಾ ಮುಖ್ಯಸ್ಥರಿಗೆ ಒಬ್ಬರಿಗೊಬ್ಬರು ಅದನ್ನ ಕೊಡೋದು ಪದ್ಧತಿ ಆಗಿದೆ. ಆಮೇಲಿನ ಯುದ್ಧಗಳದ್ದು ನಿಮಗೆ ಗೊತ್ತಿರೋದೇ. 1962ರಲ್ಲಿ ಪ್ಯಾಂಗಾಂಗ್ ಸರೋವರದ ದಂಡೇಲಿ ಸಿರಿಜಾಪ್ ಕಾದ ಮೇಜರ್ ಧನ್ ಸಿಂಗ್ ಥಾಪಾ ಸತ್ರು ಅಂತ ತಿಳಿದು ಪರಮವೀರ ಚಕ್ರ ಘೋಷಣೆ ಮಾಡಿದ್ರು, ಆಮೇಲೆ ನೋಡಿದ್ರೆ ಚೀನಾದ ಸೆರೇಲಿ ಬದುಕಿದ್ರು. 1971ರಲ್ಲಿ ಮೇಜರ್ ಇಯಾನ್ ಕಾರ್ಡೋಜೊ ನೆಲಬಾಂಬಿನ ಮೇಲೆ ಕಾಲಿಟ್ಟು ಕಾಲು ಛಿದ್ರ ಆದಾಗ ತಮ್ಮ ಖುಕುರಿಯಿಂದ ತಾವೇ ಅದನ್ನ ಕಡಿದು ಹಾಕಿದ್ರು, ಮುಂದೆ ಮರಗಾಲಿನಲ್ಲೇ ಬೆಟಾಲಿಯನ್ ನಡೆಸಿದ್ರು. ಅವರ ಹೆಸರು ನಾಲಗೆಗೆ ಬರದೆ ಗೋರ್ಖಾ ಜವಾನರು 'ಕಾರ್ತೂಸ್ ಸಾಬ್' ಅಂತ ಕರೀತಿದ್ರು.

ಬ್ರಿಟನ್ ಕಡೆ ಹೋದವರ ಕತೆ ಕೇಳಿದ್ರೆ ಸಿಟ್ಟು ಬರುತ್ತೆ. ಪೆನ್ಷನ್ ಲೆಕ್ಕ ಭಾರತದ ಸೈನ್ಯದ ದರಕ್ಕೆ ಕಟ್ಟಿದ್ರು, ಪಕ್ಕದಲ್ಲೇ ಕಾದಾಡಿದ ಇಂಗ್ಲಿಷ್ ಸೈನಿಕನಿಗೆ ಸಿಗೋದರ ಒಂದು ಚೂರು. ಹದಿನೈದು ವರ್ಷ ಸರ್ವಿಸ್ ಆಗಿಲ್ಲ ಅಂದ್ರೆ ಅದೂ ಇಲ್ಲ. ತುಲ್ ಬಹಾದ್ದೂರ್ ಪುನ್, 1944ರಲ್ಲಿ ಬರ್ಮಾದ ಮೊಗೌಂಗ್‌ನಲ್ಲಿ ವಿಕ್ಟೋರಿಯಾ ಕ್ರಾಸ್ ಗೆದ್ದವರು, ವಯಸ್ಸಾಗಿ ಕಾಯಿಲೆ ಬಿದ್ದು ಬ್ರಿಟನ್ನಿಗೆ ಬರ್ತೀನಿ ಅಂದಾಗ ಬ್ರಿಟನ್ ಜೊತೆ ನಿಮಗೆ ಗಟ್ಟಿ ಸಂಬಂಧ ಇರೋದಕ್ಕೆ ಸಾಕ್ಷಿ ಸಾಲದು ಅಂತ ವೀಸಾ ತಿರಸ್ಕರಿಸಿದ್ರು. ಜನ ಗಲಾಟೆ ಮಾಡಿದ ಮೇಲೆ 2007ರಲ್ಲಿ ಕೊಟ್ರು. 1997ಕ್ಕಿಂತ ಮುಂಚೆ ನಿವೃತ್ತರಾದ, ನಾಲ್ಕು ವರ್ಷವಾದ್ರೂ ಸೇವೆ ಮಾಡಿದ ಎಲ್ಲರಿಗೂ ಅಲ್ಲಿ ನೆಲೆಸೋ ಹಕ್ಕು ಸಿಗೋಕೆ 2009ರ ಮೇ ತನಕ ಹೋರಾಡ್ಬೇಕಾಯ್ತು, ಅದರ ಮುಂದಾಳತ್ವ ವಹಿಸಿದ ನಟಿ ಜೊವಾನಾ ಲಮ್ಲಿ ಅವರ ಅಪ್ಪ ಪುನ್ ಇದ್ದ ಆರನೇ ಗೂರ್ಖಾ ರೈಫಲ್ಸ್‌ನಲ್ಲೇ ಆಫೀಸರ್ ಆಗಿದ್ದವರು. ಪೆನ್ಷನ್ ಸಮ ಮಾಡಿ ಅಂತ 2021ರ ಆಗಸ್ಟ್‌ನಲ್ಲಿ ಮುದುಕರಾದ ಮಾಜಿ ಸೈನಿಕರು ಲಂಡನ್ನಿನಲ್ಲಿ ಪ್ರಧಾನಿ ಮನೆ ಎದುರು ಹದಿಮೂರು ದಿನ ಉಪವಾಸ ಕೂತಿದ್ರು.

ನಮ್ಮ ಕಡೆಯೂ ಈಗ ಬಾಗಿಲು ಅರ್ಧ ಮುಚ್ಚಿದೆ. 2022ರ ಜೂನ್‌ನಲ್ಲಿ ಸೈನ್ಯದ ಭರ್ತಿಗೆ ಅಗ್ನಿಪಥ ಅನ್ನೋ ಹೊಸ ಯೋಜನೆ ಬಂತು, ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದು ಜನ ಮಾತ್ರ ಮುಂದುವರೀತಾರೆ. ಇದು 1947ರ ಒಪ್ಪಂದದಲ್ಲಿ ಇಲ್ಲ ಅಂತ ನೇಪಾಳ ಸರ್ಕಾರ ಭರ್ತಿ ತಡೀತು, ಅಲ್ಲಿಂದ ಹುಡುಗರು ಬರೋದು ನಿಂತ್ಹೋಯ್ತು. ನೇಪಾಳದ ಒಳಗೇ ಈ ಭರ್ತಿಯೇ ಬೇಡ ಅನ್ನೋರೂ ಇದ್ದಾರೆ, ನಿಮ್ಮ ಕಾವಲುಗಾರರ ರೋಲ್ಪಾದಲ್ಲೇ 1996ರಲ್ಲಿ ಮಾವೋವಾದಿಗಳ ಯುದ್ಧ ಶುರುವಾಗಿದ್ದು, ಅವರು ಸರ್ಕಾರಕ್ಕೆ ಕೊಟ್ಟ ನಲವತ್ತು ಬೇಡಿಕೆಗಳಲ್ಲಿ ಗೂರ್ಖಾ ಭರ್ತಿ ಕೇಂದ್ರ ಮುಚ್ಚಿ, ಹುಡುಗರಿಗೆ ಮರ್ಯಾದೆಯ ಕೆಲಸ ಕೊಡಿ ಅನ್ನೋದೂ ಒಂದು. ಕೇಂದ್ರ ಮುಚ್ಚೋದು ಸುಲಭ, ಕೆಲಸ ಎಲ್ಲಿದೆ? ರಷ್ಯಾದ ಸೈನ್ಯಕ್ಕೆ ಸೇರಿ ಉಕ್ರೇನಿನಲ್ಲಿ ಸತ್ತ ನೇಪಾಳಿ ಹುಡುಗರ ಸುದ್ದಿ ನೀವೂ ಓದಿರ್ತೀರಿ, 2024ರ ಜನವರೀಲಿ ನೇಪಾಳ ಆ ಎರಡೂ ದೇಶಕ್ಕೆ ಕೆಲಸದ ಪರ್ಮಿಟ್ ಕೊಡೋದನ್ನೇ ನಿಲ್ಲಿಸ್ಬೇಕಾಯ್ತು. ಅಲ್ಲಿಗೂ ಹೋಗದವರು ದಾವಣಗೆರೆಗೆ ಬರ್ತಾರೆ.

ಈಗ ಆ ಫೋಟೋ. ನೀವು ಕಳಿಸಿದ್ದನ್ನ ದೊಡ್ಡದು ಮಾಡಿ ನೋಡಿದೆ, ಆರು ಮೂಲೆಯ ಕಂಚಿನ ಬಣ್ಣದ ನಕ್ಷತ್ರ, ಮಧ್ಯೆ ಕಿರೀಟ, ಸುತ್ತ ಬರೆದಿರೋದು 'ದಿ ಬರ್ಮಾ ಸ್ಟಾರ್' ಅಂತ. ಬಟ್ಟೆ ಪಟ್ಟಿ ಬಣ್ಣ ಮಾಸಿದ್ರೂ ನಡುವೆ ಕೆಂಪು, ಅಂಚಿಗೆ ಕಡು ನೀಲಿ ಕಾಣುತ್ತೆ, ಅದೂ ಸರಿಹೊಂದುತ್ತೆ. ಎರಡನೇ ಯುದ್ಧದಲ್ಲಿ ಬರ್ಮಾ ರಂಗದಲ್ಲಿ ಕಾದಾಡಿದವರಿಗೆ ಕೊಟ್ಟಿದ್ದು. ಸಾಮಾನ್ಯವಾಗಿ ಇದರ ಮೇಲೆ ಸೈನಿಕನ ಹೆಸರು ಕೆತ್ತಿರಲ್ಲ, ಹಾಗಾಗಿ ಮೆಡಲ್ ನೋಡಿ ಅಜ್ಜ ಯಾವ ಪಲ್ಟನ್ ಅಂತ ಹೇಳೋಕಾಗಲ್ಲ. ಮನೇಲಿ ಡಿಸ್ಚಾರ್ಜ್ ಪುಸ್ತಕ ಇದ್ಯಾ ಕೇಳಿ, ಅದ್ರಲ್ಲಿ ಸೈನಿಕನ ನಂಬರ್ರೂ ರೆಜಿಮೆಂಟೂ ಇರುತ್ತೆ. ನೀವು ಬರೆದ ಪ್ರಕಾರ ಅಜ್ಜ ಯುದ್ಧ ಮುಗಿದ ತಕ್ಷಣ ಊರಿಗೆ ಬಂದು ಹೊಲ ಉಳ್ತಿದ್ರು ಅಂದ್ರೆ ಹದಿನೈದು ವರ್ಷ ಆಗಿರಲ್ಲ, ಪೆನ್ಷನ್ ಬಂದಿರೋಕೆ ಸಾಧ್ಯ ಇಲ್ಲ. ಅಜ್ಜಿ ಇನ್ನೂ ಇದ್ದಾರಾ ಅನ್ನೋದನ್ನ ತಪ್ಪದೆ ವಿಚಾರಿಸಿ, ಯಾಕಂದ್ರೆ ಪೆನ್ಷನ್ ಇಲ್ಲದ ಆ ಕಾಲದ ಸೈನಿಕರಿಗೂ ಅವರ ವಿಧವೆಯರಿಗೂ ಸಹಾಯ ಮಾಡೋಕೆ ಅಂತಾನೇ 1969ರಲ್ಲಿ ಶುರುವಾದ ಗೂರ್ಖಾ ವೆಲ್ಫೇರ್ ಟ್ರಸ್ಟ್ ಅಂತ ಇದೆ, ನೇಪಾಳದ ಬೆಟ್ಟಗಳಲ್ಲಿ ಅದರ ಕೇಂದ್ರಗಳಿವೆ. ಅರ್ಜಿಗೆ ಬೇಕಾದ ಕಾಗದ ಹೊಂದಿಸೋಕೆ ನಮ್ಮ ಆಫೀಸಿನಿಂದ ಏನು ಬೇಕೋ ಮಾಡ್ತೀವಿ. ಮುಂದಿನ ಪತ್ರದಲ್ಲಿ ನಿಮ್ಮ ಕಾವಲುಗಾರರ ಹೆಸರೂ ಕೇಳಿ ಬರೀರಿ ಮೇಷ್ಟ್ರೇ, ಅವರು ಒಪ್ಪಿದ್ರೆ ಅಜ್ಜನ ಫೋಟೋ ಜೊತೆ ಅದನ್ನ ಪತ್ರಿಕೇಲಿ ಹಾಕ್ತೀನಿ.

ಸಂಪಾದಕ